ಅರಿಶಿನ ಬಟ್ಟೆಯ ಇನ್ನೊಂದು ಬದಿ

ಹೊಳೆಯ ಮಗ್ಗುಲಲ್ಲಿ ಒಂದು ಊರಿತ್ತು. ಆ ಊರಿನಲ್ಲಿ ಯಾರೂ ಇದ್ದಕ್ಕಿದ್ದಂತೆ ಮರೆಯುವ ಹಾಗಿರಲಿಲ್ಲ. ಮರೆಯುವವರು ಹನ್ನೆರಡು ವರ್ಷ ಮೊದಲೇ ಊರಿಗೆ ತಿಳಿಸಿ ಮರೆಯಬೇಕಿತ್ತು.

ತಿಳಿಸುವ ಕೆಲಸ ಕಣ್ಣೀರಿನದು. ನಲವತ್ತೈದು ತುಂಬಿದ ವರ್ಷ, ಹೆಣ್ಣಾಗಲಿ ಗಂಡಾಗಲಿ, ಬಟ್ಟೆಮನೆಗೆ ಹೋಗಬೇಕು. ಅಲ್ಲಿ ಬಟ್ಟೆಯಮ್ಮ ಅಂಗೈಯಗಲದ ಬಿಳಿಬಟ್ಟೆಗಳನ್ನು ಅರಿಶಿನದಲ್ಲಿ ಅದ್ದಿ, ಒಣಗಿಸಿ, ಮಡಿಸಿ ಇಟ್ಟಿರುತ್ತಾಳೆ. ಅದರ ಮೇಲೆ ಒಂದು ಹನಿ ಕಣ್ಣೀರು ಬೀಳಿಸಬೇಕು. ಒಂದೇ ಹನಿ. ಆಮೇಲೆ ಬಟ್ಟೆ ಮೂರು ದಿನ ಹಗ್ಗದ ಮೇಲೆ ಬಿಸಿಲು ಕಾಯುತ್ತದೆ. ಮೂರನೆಯ ದಿನ ಹನಿ ಬಿದ್ದ ಜಾಗ ಹಳದಿಯಾಗಿಯೇ ಉಳಿದಿದ್ದರೆ ಮನೆಗೆ ಹೋಗಿ ಪಾಯಸ ಮಾಡಿಕೊಂಡು ಉಣ್ಣಬಹುದು. ಹನಿಯ ಸುತ್ತ ಕೆಂಪಗೆ ಒಂದು ಉಂಗುರ ಮೂಡಿದ್ದರೆ ಮರೆವು ಹೊರಟಿದೆ ಎಂದು ಅರ್ಥ. ಹೊರಟಿದೆ, ದಾರಿಯಲ್ಲಿದೆ, ಹನ್ನೆರಡು ವರ್ಷದೊಳಗೆ ಬಂದು ಬಾಗಿಲು ತಟ್ಟುತ್ತದೆ.

ಈರುಳ್ಳಿ ಹೆಚ್ಚಿದ ಕಣ್ಣೀರಿಗೆ, ಒಲೆಯ ಹೊಗೆಯ ಕಣ್ಣೀರಿಗೆ ಆ ಬಟ್ಟೆ ಮರ್ಯಾದೆ ಕೊಡುತ್ತಿರಲಿಲ್ಲ. ಏನನ್ನಾದರೂ ನೆನೆದು ಅತ್ತದ್ದೇ ಆಗಬೇಕು. ಹಾಗಾಗಿ ಜನ ತಮ್ಮ ದುಃಖಗಳಲ್ಲೇ ಒಂದು ಒಳ್ಳೆಯದನ್ನು ಆರಿಸಿಕೊಂಡು ಬರುತ್ತಿದ್ದರು, ಮದುವೆಮನೆಗೆ ಸೀರೆ ಆರಿಸುವ ಹಾಗೆ. ಅದನ್ನು ಬಟ್ಟೆಯಮ್ಮನ ಕಿವಿಯಲ್ಲಿ ಹೇಳುತ್ತ ಹೇಳುತ್ತ ಅಳಬೇಕು.

"ನಂಗೆ ಅಳೋಕೇ ಬರಲ್ಲ ಕಣಮ್ಮ" ಎನ್ನುವ ಗಂಡಸರು ಬೇಕಾದಷ್ಟಿದ್ದರು.

"ಬರುತ್ತೆ, ಕೂತ್ಕೊ" ಎನ್ನುತ್ತಿದ್ದಳು ಬಟ್ಟೆಯಮ್ಮ.

ಬರುತ್ತಿತ್ತು.

ಬಟ್ಟೆಗೆ ಹೆಸರು ಬರೆಯುವ ಹಾಗಿಲ್ಲ. ಹೆಸರು ತಿಳಿದರೆ ಬಟ್ಟೆ ಪಕ್ಷಪಾತ ಮಾಡುತ್ತದೆ ಎಂದು ಊರಿನ ನಂಬಿಕೆ. ಒಂದು ಮನೆಗೆ ಒಂದು ಹಗ್ಗ. ಗಂಡ ಹೆಂಡತಿ ಒಂದೇ ವರ್ಷ ಬಂದರೆ ಇಬ್ಬರ ಬಟ್ಟೆಯೂ ಅದೇ ಹಗ್ಗದಲ್ಲಿ: ಗಂಡನದು ಬಲಕ್ಕೆ, ಹೆಂಡತಿಯದು ಎಡಕ್ಕೆ, ಹಸೆಮಣೆಯ ಮೇಲೆ ಕೂರಿಸಿದ ಹಾಗೆ. ನೋಡುವುದು ಒಂದೇ ಸಲ. ಮೂರನೆಯ ದಿನ ಬಿಸಿಲು ಹಗ್ಗದಿಂದ ಇಳಿಯುವ ಮೊದಲು ನೋಡಿ ಹೇಳಿಬಿಡಬೇಕು. ಹೇಳಿದ ಮೇಲೆ ಬಟ್ಟೆಯನ್ನು ಹೊಳೆಗೆ ಬಿಡಬೇಕು.

ಉಂಗುರ ಮೂಡಿದವರ ಮಣಿಕಟ್ಟಿಗೆ ಅರಿಶಿನದ ದಾರ ಕಟ್ಟುತ್ತಿದ್ದರು. ಮದುವೆಯ ಕಂಕಣದ ಹಾಗೇ. ಬಿಚ್ಚುವ ಶಾಸ್ತ್ರವೊಂದು ಇರಲಿಲ್ಲ, ಅಷ್ಟೆ. ದಾರ ಕಟ್ಟಿದ ಮೇಲೆ ಒಪ್ಪಿಸುವ ದಿನಗಳು. ದಾರದವರು ತಮಗೆ ಗೊತ್ತಿರುವುದನ್ನೆಲ್ಲ ಇನ್ನೊಬ್ಬರ ಎದುರು ಕೂತು ಹೇಳಿ, ಒಂದೊಂದು ಮಾತಿನ ಕೊನೆಗೂ "ಒಪ್ಪಿಸಿದೆ" ಎನ್ನಬೇಕು. ಎದುರಿಗಿರುವವರು "ತಲುಪಿತು" ಎನ್ನಬೇಕು. ಹಾಗೆ ಎಲ್ಲವೂ ತಲುಪಿದ ಮೇಲೆ ಆ ಊರಿನಲ್ಲಿ ದಾರದವರನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಉಪ್ಪು ಸಾಕಾ ಎಂದು ಕೂಡ.

"ಪಾಪ, ಅವರ ತಲೆಗ್ಯಾಕೆ ಶ್ರಮ" ಎನ್ನುತ್ತಿದ್ದರು. ಬಹಳ ಮರ್ಯಾದಸ್ಥರ ಊರು ಅದು.

ಆ ಊರಿನ ಸೂಲಗಿತ್ತಿಗೂ ಅವಳ ಗಂಡ ದೋಣಿಯವನಿಗೂ ಒಂದೇ ವರ್ಷ ನಲವತ್ತೈದು ತುಂಬಿತು. ಅವಳು ಊರಿನ ಮಕ್ಕಳನ್ನು ಹೊಟ್ಟೆಯಿಂದ ಈಚೆಗೆ ದಾಟಿಸುವವಳು, ಅವನು ಊರಿನವರನ್ನು ಹೊಳೆಯಿಂದ ಆಚೆಗೆ ದಾಟಿಸುವವನು. ಯಾವ ಮಗು ತಲೆ ಮುಂದಾಗಿ ಬಂತು, ಯಾವುದು ಕಾಲು ಮುಂದಾಗಿ ಬಂತು, ಯಾವುದಕ್ಕೆ ಎಲ್ಲಿ ಮಚ್ಚೆ, ಯಾವುದು ಹುಟ್ಟಿ ಎಷ್ಟು ಹೊತ್ತಿಗೆ ಅತ್ತಿತು, ಎಲ್ಲ ಅವಳ ತಲೆಯಲ್ಲಿತ್ತು. ತಾಯಿಯ ಹೆರಿಗೆ ಹೇಗಾಯಿತೆಂದು ತಿಳಿದಿದ್ದರೆ ಮಗಳ ಹೆರಿಗೆ ಅರ್ಧ ಆದ ಹಾಗೇ ಎನ್ನುತ್ತಿದ್ದಳು. ಅವಳ ಕೈಗಿಂತ ಅವಳ ನೆನಪನ್ನು ನಂಬಿ ಬಸುರಿಯರು ನಿದ್ದೆ ಮಾಡುತ್ತಿದ್ದರು.

ಇಬ್ಬರೂ ಬಟ್ಟೆಮನೆಗೆ ಹೋದರು. ಮೊದಲು ಅವಳು ಒಳಗೆ ಹೋಗಿ ಅತ್ತು ಬಂದಳು. ಆಮೇಲೆ ಅವನು ಹೋಗಿ ಅತ್ತು ಬಂದ. ಏನು ನೆನೆದು ಅತ್ತದ್ದು ಎಂದು ಅವಳು ಕೇಳಲಿಲ್ಲ, ಅವನೂ ಕೇಳಲಿಲ್ಲ. ಕೇಳಬಾರದೆಂಬ ನಿಯಮವೇನೂ ಇರಲಿಲ್ಲ.

ಮೂರನೆಯ ದಿನ ಬಟ್ಟೆಯಮ್ಮ ಪಕ್ಕದ ಕೇರಿಯ ಸಾವಿನ ಮನೆಗೆ ಹೋಗಿದ್ದಳು. ಅಳುವವರು ಕೈ ಬಿಡಲಿಲ್ಲ. ಅವಳು ಎದ್ದು ಬರುವಷ್ಟರಲ್ಲಿ ಬಿಸಿಲು ಹಗ್ಗದ ತುದಿಗೆ ಬಂದಿತ್ತು. ಗಂಡ ಹೆಂಡತಿ ಬೇಲಿಯ ಹೊರಗೆ, ಬೀದಿಯಲ್ಲಿ ಕಾಯುತ್ತಿದ್ದರು. ಬಟ್ಟೆಯಮ್ಮ ಸೆರಗು ಎತ್ತಿ ಕಟ್ಟಿಕೊಂಡು ಬೀದಿಯುದ್ದಕ್ಕೂ ಓಡಿ ಬಂದವಳು ಅವರ ಪಕ್ಕದಲ್ಲೇ ನಿಂತು, ಬೇಲಿಯ ಮೇಲಿಂದ ಅಂಗಳದ ಹಗ್ಗವನ್ನು ನೋಡಿದಳು.

"ಬಲಗಡೆ ಗಂಡ, ಎಡಗಡೆ ಹೆಂಡತಿ" ಎಂದು ಏದುಸಿರಿನಲ್ಲಿ ಗೊಣಗಿದಳು. ಬಿಸಿಲು ಇಳಿಯಿತು.

"ಉಂಗುರ ನಿಂದು ಕಣಮ್ಮ, ಸೂಲಗಿತ್ತಿ."

"ಇನ್ನೊಂದ್ಸಲ ನೋಡಿ ಅಮ್ಮ" ಎಂದ ದೋಣಿಯವ.

"ನೋಡೋದು ಒಂದೇ ಸಲ ಕಣಪ್ಪ. ನಿಂಗೆ ಗೊತ್ತಲ್ಲ."

ಅವನಿಗೆ ಗೊತ್ತಿತ್ತು. ಮನೆಗೆ ಹೋಗುವ ದಾರಿಯಲ್ಲಿ ಹೆಂಡತಿಗೆ, "ಲೇ, ಹನ್ನೆರಡು ವರ್ಷ ಅಂದ್ರೆ ಬೇಕಾದಷ್ಟಾಯ್ತು ಕಣೇ. ಅಷ್ಟರಲ್ಲಿ ನಾನೇ ಹೋಗಿರ್ತೀನಿ" ಎಂದ. ಸಮಾಧಾನ ಹೇಳುವುದು ಅವನಿಗೆ ಯಾವತ್ತೂ ಸರಿಯಾಗಿ ಬಂದದ್ದಿಲ್ಲ.

ಒಪ್ಪಿಸುವುದಕ್ಕೆ ಅವಳಿಗೆ ಒಂಬತ್ತು ದಿನ ಹಿಡಿಯಿತು. ಎದುರಿಗೆ ಅವಳ ಶಿಷ್ಯೆ ಕೂತಿದ್ದಳು, ಎರಡು ಮಕ್ಕಳ ತಾಯಿ, ಬೆರಳುಗಳು ಚುರುಕು, ಬಾಯಿ ಇನ್ನೂ ಚುರುಕು.

"ಕುಂಬಾರರ ಮನೆಯ ದೊಡ್ಡವಳು. ಕಾಲು ಮುಂದಾಗಿ ಬಂದಳು. ಬೆನ್ನ ಮೇಲೆ ಹುರುಳಿಕಾಳಿನಷ್ಟು ಮಚ್ಚೆ. ಒಪ್ಪಿಸಿದೆ."

"ತಲುಪಿತು."

"ಗಾಣದ ಮನೆಯ ಅವಳಿಗಳು. ಮೊದಲನೆಯದು ಅತ್ತಿತು, ಎರಡನೆಯದು ಅದನ್ನು ಕೇಳಿಸಿಕೊಂಡು ಆಮೇಲೆ ಅತ್ತಿತು. ಒಪ್ಪಿಸಿದೆ."

"ತಲುಪಿತು."

ಹೀಗೆ ಊರಿಗೆ ಊರೇ ಅವಳ ಬಾಯಿಂದ ಇನ್ನೊಮ್ಮೆ ಹುಟ್ಟಿತು. ಒಂಬತ್ತನೆಯ ದಿನ ಶಿಷ್ಯೆ, "ಮುಗೀತಾ ಅಮ್ಮ?" ಎಂದಳು.

ಒಂದು ಹೆರಿಗೆ ಉಳಿದಿತ್ತು. ಅದು ಸೂಲಗಿತ್ತಿಯದೇ. ತಾನೇ ಹೆತ್ತು ತಾನೇ ಹಿಡಿದುಕೊಂಡ ಒಂದು ಹೆಣ್ಣುಮಗು. ಬೆಳಕು ಹರಿಯುವಾಗ ಹುಟ್ಟಿ ಮಧ್ಯಾಹ್ನದ ಹೊತ್ತಿಗೆ ಇರಲಿಲ್ಲ. ಅದನ್ನು ಗಂಡ ಒಬ್ಬನೇ ದೋಣಿಯಲ್ಲಿ ಆಚೆ ದಡಕ್ಕೆ ಒಯ್ದು ಮಣ್ಣು ಮಾಡಿ ಬಂದಿದ್ದ. ಬಂದು ಕೈ ತೊಳೆದು ಊಟಕ್ಕೆ ಕೂತಿದ್ದ. ಇಪ್ಪತ್ತು ವರ್ಷವಾದರೂ ಇಬ್ಬರೂ ಆ ಮಾತೆತ್ತಿರಲಿಲ್ಲ.

"ಮುಗೀತು" ಎಂದಳು ಸೂಲಗಿತ್ತಿ.

ಅವತ್ತಿನಿಂದ ಅವಳ ಬಾಗಿಲಿಗೆ ಯಾರೂ ಓಡಿ ಬರಲಿಲ್ಲ. ಬೀದಿಯಲ್ಲಿ ಯಾರಿಗೋ ನೋವು ಶುರುವಾಗಿದೆ ಎಂದು ಕೇಳಿ ತಾನೇ ಹೋದರೆ, ಶಿಷ್ಯೆ ಬಾಗಿಲಲ್ಲೇ ತಡೆದು, "ನೀವ್ಯಾಕೆ ಬರೋಕೆ ಹೋದ್ರಿ? ಆರಾಮಾಗಿ ಕೂತ್ಕೊಳ್ಳಿ" ಎಂದು ಕಿವುಡರೊಡನೆ ಮಾತಾಡುವಂತೆ ಗಟ್ಟಿಯಾಗಿ ಹೇಳಿ, ಕೈಗೆ ಒಂದು ಬಾಳೆಹಣ್ಣು ಕೊಡುತ್ತಿದ್ದಳು. ಸೂಲಗಿತ್ತಿ ಬಾಳೆಹಣ್ಣು ಹಿಡಿದುಕೊಂಡು ವಾಪಸಾಗುತ್ತಿದ್ದಳು.

ಕೇಳುವುದು ನಿಂತಿತು. ಹೇಳುವುದು ಮಾತ್ರ ಶುರುವಾಯಿತು. ಆ ಊರಿನಲ್ಲಿ ಮನಸ್ಸಿನ ಕಸ ಹಾಕುವುದಕ್ಕೆ ದಾರದವರಿಗಿಂತ ಒಳ್ಳೆಯ ಜಾಗವಿರಲಿಲ್ಲ. ಹೇಗೂ ಮರೆಯುತ್ತಾರಲ್ಲ. ಒಬ್ಬಳು ಬಂದು ಅತ್ತೆಯ ಸಾರಿಗೆ ಉಗುಳಿದ್ದನ್ನು ಹೇಳಿ ಹಗುರಾಗಿ ಹೋದಳು. ಊರ ಹಿರಿಯ ಕೂಡ ಒಂದು ದಿನ ಬಂದು ಕಂಬಕ್ಕೆ ಒರಗಿ ಕೂತು, "ನನ್ನ ಬಟ್ಟೆಗೆ ನಾನು ಅಳಲಿಲ್ಲ ಕಣಮ್ಮ. ಭಯ ಆಯ್ತು. ನನ್ನ ತಮ್ಮನ ಕಣ್ಣೀರು ಒಯ್ದು ಹಾಕಿಸ್ದೆ" ಎಂದ. ಆಮೇಲೆ ಅವಳ ಕೆನ್ನೆ ತಟ್ಟಿ, "ಮರೆತುಬಿಡು" ಎಂದು ನಕ್ಕ.

ಅವಳು ಯಾವುದನ್ನೂ ಮರೆಯಲಿಲ್ಲ. ಆದರೆ ಮರೆಯುತ್ತಿಲ್ಲ ಎಂದು ನಂಬುವ ಧೈರ್ಯವೂ ಬರಲಿಲ್ಲ. ಪ್ರತಿ ಬೆಳಿಗ್ಗೆ ಎದ್ದು ಹಾಸಿಗೆಯ ಮೇಲೇ ಕೂತು ಊರಿನ ಮಕ್ಕಳನ್ನು ಮೊದಲಿನಿಂದ ಹೆರಿಸಿಕೊಂಡು ಬರುತ್ತಿದ್ದಳು. ಕುಂಬಾರರ ದೊಡ್ಡವಳು, ಬೆನ್ನ ಮೇಲೆ ಮಚ್ಚೆ. ಗಾಣದ ಮನೆಯ ಅವಳಿಗಳು. ಕೊನೆಯವರೆಗೆ ಬಂದು, ಕೊನೆಗೆ ತನ್ನದು: ಬೆಳಕು ಹರಿಯುವಾಗ, ತಲೆ ಮುಂದಾಗಿ, ಕಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ. ಎಲ್ಲರೂ ಬಂದರೆ ಎದ್ದು ಒಲೆ ಹಚ್ಚುವಳು. ಹಚ್ಚುವಾಗ ಬೆಂಕಿಪೊಟ್ಟಣ ಸಿಗದಿದ್ದರೆ ಗೂಡುಗಳನ್ನೆಲ್ಲ ತಡಕುವಳು. ಬಂತೇ? ಬಾಗಿಲಲ್ಲಿದೆಯೇ? ಬೆಂಕಿಪೊಟ್ಟಣ ಸೊಂಟದಲ್ಲೇ ಇರುವುದು. ಉಳಿದವರಿಗೆ ಸೊಂಟದಲ್ಲಿರುವುದು ಬೆಂಕಿಪೊಟ್ಟಣ. ದಾರದವರಿಗೆ ಅದು ಸಾಕ್ಷಿ.

ಹೀಗೆ ಒಂಬತ್ತು ವರ್ಷ ಕಳೆಯಿತು.

ಹೊಳೆಯ ನಡುವೆ ಒಂದು ಬಂಡೆಯಿತ್ತು, ಆನೆ ಮಲಗಿದ ಹಾಗೆ. ಹೋಗುವಾಗ ಅದನ್ನು ಎಡಕ್ಕೆ ಬಿಡಬೇಕು, ಬರುವಾಗ ಬಲಕ್ಕೆ. ಇನ್ನೊಂದು ಬದಿಯಲ್ಲಿ ಸುಳಿ. ಒಂದು ದಿನ ಸೂಲಗಿತ್ತಿ ದಡದಲ್ಲಿ ಬಟ್ಟೆ ಒಗೆಯುತ್ತಿದ್ದಾಗ ಗಂಡನ ದೋಣಿ ಬಂಡೆಯ ತಪ್ಪು ಬದಿಗೆ ತಿರುಗಿದ್ದು ಕಂಡಳು. ದೋಣಿಯೊಳಗಿನವರು ನಗುತ್ತಿದ್ದರು. "ದೋಣಿಯಣ್ಣ ಇವತ್ತು ಊರು ಸುತ್ತಿಸ್ತಾನೆ!" ಹೇಗೋ ತಪ್ಪಿಸಿಕೊಂಡು ಬಂದ. ಇಳಿದವನು ಹೆಂಡತಿಯ ಎದುರು ನಿಂತು ಕೋಲನ್ನು ನೋಡಿದ, ಹೊಳೆಯನ್ನು ನೋಡಿದ, ಅವಳನ್ನು ನೋಡಿದ.

"ಮನೆಗೆ ಬರ್ತೀರಾ?" ಎಂದ.

ಮದುವೆಯಾದಾಗಿನಿಂದ ಅವನು ಅವಳನ್ನು 'ನೀವು' ಎಂದದ್ದು ಅದೇ ಮೊದಲು. ಅವನು ತಪ್ಪು ಹೇಳಿದನೋ, ತನಗೆ ತಪ್ಪಾಗಿ ಕೇಳಿಸಿತೋ? ದಾರ ಇದ್ದದ್ದು ತನ್ನ ಕೈಯಲ್ಲಿ. ಮರೆವು ಬರಬೇಕಾದದ್ದು ತನಗೆ. ಬೇರೆಯವರಲ್ಲಿ ಮರೆವು ಕಾಣುವುದೂ ಮರೆವಿನದೇ ಒಂದು ಬಗೆಯಿರಬಹುದು.

ಮಾರನೆಯ ದಿನ ಅವಳು ಅವನ ಜೊತೆ ದೋಣಿ ಹತ್ತಿದಳು. ಅವನು ಹಿಂದೆ ನಿಂತು ಕೋಲು ಹಾಕುವವನು, ಅವಳು ಮುಂದೆ, ದೋಣಿಯ ಮೂತಿಯಲ್ಲಿ, ಅವನಿಗೆ ಮುಖ ಮಾಡಿ ಕೂತಳು. ಬಂಡೆ ಹತ್ತಿರ ಬಂದಾಗ ಮೆಲ್ಲಗೆ, ಹಾಡಿನ ಹಾಗೆ, "ಬಂಡೆ ಎಡಕ್ಕೆ, ಎಡಕ್ಕೆ" ಎನ್ನುವಳು. ಅವಳ ಎಡ ಅವನ ಬಲ, ಅದನ್ನು ಮನಸ್ಸಿನಲ್ಲೇ ತಿರುವಿ ಹಾಕಿ ಹೇಳುವುದು ಕಲಿತಳು. ಮಾರನೆಯ ದಿನವೂ ಹೋದಳು. ಪ್ರತಿ ದಿನವೂ ಹೋದಳು.

ಊರು ನೋಡಿ ಕಣ್ಣೊರೆಸಿಕೊಂಡಿತು.

"ಪಾಪ ಆ ದೋಣಿಯವ. ಹೆಂಡ್ತೀನ ಒಂದಿನಾನೂ ಮನೇಲಿ ಬಿಡಲ್ಲ ನೋಡು."

"ಪುಣ್ಯ ಮಾಡಿದ್ಲು ಕಣೇ ಅವಳು. ನಮ್ಮನೇವ್ರಾಗಿದ್ರೆ ಕಟ್ಟೆ ಮೇಲೆ ಕೂರಿಸಿ ಹೋಗಿರೋರು."

ಅವನು ಹೆಸರು ತಪ್ಪಿದರೆ ತಮಾಷೆ ಎನ್ನುತ್ತಿದ್ದರು. ಹತ್ತಿಸಿಕೊಂಡವರನ್ನು ಇಳಿಸದೆ ವಾಪಸು ತಂದರೆ, ಹೆಂಡತಿಯ ಚಿಂತೆಯಲ್ಲಿದ್ದಾನೆ ಎನ್ನುತ್ತಿದ್ದರು. ಬಟ್ಟೆ ಶುದ್ಧವಾಗಿದ್ದವನು ಮರೆಯುವುದಾದರೂ ಹೇಗೆ?

ಹನ್ನೊಂದನೆಯ ವರ್ಷ ಬಟ್ಟೆಯಮ್ಮ ಮರೆಯತೊಡಗಿದಳು. ಊರಿನವರ ಬಟ್ಟೆಯನ್ನೆಲ್ಲ ನೋಡಿದವಳ ಬಟ್ಟೆಯನ್ನು ಯಾರೂ ನೋಡಿರಲಿಲ್ಲ. ಅದು ಯಾರಿಗೂ ಹೊಳೆದಿರಲೇ ಇಲ್ಲ. ಅವಸರದಲ್ಲಿ ಅವಳಿಗೂ ದಾರ ಕಟ್ಟಿದರು. ಗಾಳಿಗೆ ಹೋಗಿ ಬರಲಿ ಎಂದು ಒಂದು ಬೆಳಿಗ್ಗೆ ಅವಳ ಮೊಮ್ಮಗಳು ಅವಳನ್ನು ದೋಣಿಯಲ್ಲಿ ಕೂರಿಸಿ ಹೋದಳು. ದೋಣಿಯಲ್ಲಿ ಮೂರೇ ಜನ: ಕೋಲು ಹಿಡಿದ ದೋಣಿಯವ, ಮೂತಿಯಲ್ಲಿ ಸೂಲಗಿತ್ತಿ, ನಡುವೆ ಬಟ್ಟೆಯಮ್ಮ.

ಬಟ್ಟೆಯಮ್ಮ ಸ್ವಲ್ಪ ಹೊತ್ತು ನೀರು ನೋಡಿದಳು. ಆಮೇಲೆ ಸೂಲಗಿತ್ತಿಯ ಕೈಯ ದಾರ ನೋಡಿ ಹತ್ತಿರ ಸರಿದಳು.

"ದಾರ ಇದೆಯಲ್ಲ ನಿಂಗೆ? ಒಳ್ಳೇದಾಯ್ತು. ಒಂದು ಮಾತು ಹೇಳ್ಬೇಕು, ಯಾರಿಗೂ ಹೇಳಿಲ್ಲ. ಯಾವ ಊರು ಕಣಮ್ಮ ನಿಂದು?"

"ಇದೇ ಊರು."

"ಹಾಗಾದ್ರೆ ನಿಂಗೂ ಗೊತ್ತಿರ್ಬೇಕು ಅವಳು. ನಮ್ಮೂರ ಸೂಲಗಿತ್ತಿ. ಒಳ್ಳೇ ಹೆಂಗಸು. ಅವಳ ಗಂಡ ದೋಣಿ ಹಾಕ್ತಿದ್ದ. ಆವತ್ತು ನಂಗೆ ಹೊತ್ತಾಗಿತ್ತು ಕಣೇ, ಬೀದಿ ಕಡೆಯಿಂದ ನೋಡ್ಬಿಟ್ಟೆ." ಅವಳು ತನ್ನ ಎರಡೂ ಅಂಗೈಗಳನ್ನು ಹಗ್ಗಕ್ಕೆ ಹಾಕಿದ ಬಟ್ಟೆಗಳ ಹಾಗೆ ಎದುರಿಗೆ ಹಿಡಿದಳು. "ಹಗ್ಗಕ್ಕೆ ಹಾಕೋದು ಅಂಗಳದ ಕಡೆಯಿಂದ. ನಾನು ನಿಂತಿದ್ದು ಬೀದಿ ಕಡೆ. ನನ್ನ ಎಡಗಡೆ ಉಂಗುರ ಕಂಡ ಬಟ್ಟೆ ಗಂಡಂದು. ಆಮೇಲೆ ಹೊಳೆಗೆ ಬಿಡೋಕೆ ಅಂತ ಅಂಗಳಕ್ಕೆ ಹೋದೆ ನೋಡು, ಆಗ ತಿಳೀತು. ಹೇಳಿ ಆಗಿತ್ತಲ್ಲ. ಎರಡು ಸಲ ನೋಡೋ ಹಾಗಿಲ್ಲವಲ್ಲ."

ಸೂಲಗಿತ್ತಿಯ ಬಾಯಿಂದ 'ಎಡಕ್ಕೆ' ಹೊರಡಲಿಲ್ಲ. ದೋಣಿ ಬಂಡೆಯ ಕಡೆಗೆ ವಾಲಿತು.

"ಇನ್ನೊಂದಿದೆ" ಎಂದಳು ಬಟ್ಟೆಯಮ್ಮ, ಸದ್ದು ತಗ್ಗಿಸಿ. "ಇಬ್ರೂ ಒಂದೇ ದುಃಖ ಹೇಳಿ ಅತ್ತರು ಕಣೇ. ಒಂದು ಮಗು. ಬೆಳಿಗ್ಗೆ ಹುಟ್ಟಿ ಮಧ್ಯಾಹ್ನ ಹೋಗಿದ್ದು. ಅವಳೂ ಅಂದ್ಲು, ಅವರಿಗೆ ಹೇಳ್ಬೇಡಿ, ಅವರು ಮರೆತಿದಾರೆ ಅಂತ. ಅವನೂ ಅಂದ, ಅವಳಿಗೆ ಹೇಳ್ಬೇಡಿ, ಅವಳು ಮರೆತಿದಾಳೆ ಅಂತ. ಪಾಪ ಆ ಸೂಲಗಿತ್ತಿ. ಅವಳಿಗೆ ಮಾತ್ರ ಹೇಳ್ಬೇಡ ಕಣಮ್ಮ ಇದನ್ನ."

"ಹೇಳಲ್ಲ" ಎಂದಳು ಸೂಲಗಿತ್ತಿ, ಕೈಯೆತ್ತಿ ಗಂಡನಿಗೆ ಬಂಡೆ ತಪ್ಪಿಸುವ ಸನ್ನೆ ಮಾಡುತ್ತ.

"ಪಾಪ, ಯಾರೋ ಏನೋ" ಎಂದು ದೋಣಿಯವ ಹಿಂದಿನಿಂದ ತಲೆಯಾಡಿಸಿದ.

ಅದೇ ದಿನ ಅವಳು ಊರ ಹಿರಿಯನ ಜಗುಲಿಗೆ ಹೋಗಿ ನಿಂತು ಎಲ್ಲವನ್ನೂ ಹೇಳಿದಳು. ಹಗ್ಗ, ಬೇಲಿ, ಬೀದಿ, ಎಡ, ಬಲ. ಬಲಗೈ ಚಾಚಿ, "ದಾರ ಬಿಚ್ಚಿ" ಎಂದಳು.

ಹಿರಿಯ ಸಾವಧಾನವಾಗಿ ಕೇಳಿದ. "ಯಾರಮ್ಮ ಹೇಳಿದ್ದು ನಿಂಗೆ?"

"ಬಟ್ಟೆಯಮ್ಮ."

"ಅವಳ ಕೈಯಲ್ಲಿ ಏನಿದೆ?"

"ದಾರ."

"ನಿನ್ನ ಕೈಯಲ್ಲಿ?"

ಅವಳು ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಳ್ಳಲಿಲ್ಲ. "ನೀವು ನಂಗೆ ಹೇಳಿದ್ದೂ ಜ್ಞಾಪಕ ಇದೆ" ಎಂದಳು. "ನಿಮ್ಮ ತಮ್ಮನ ಕಣ್ಣೀರು."

ಹಿರಿಯನ ಮುಖದಿಂದ ಬಣ್ಣ ಇಳಿಯಿತು, ಒಂದೇ ಒಂದು ಉಸಿರಿನಷ್ಟು ಹೊತ್ತು. ಆಮೇಲೆ ಜಗುಲಿಯ ಮೇಲಿದ್ದವರ ಕಡೆ ತಿರುಗಿ, "ನೋಡಿದ್ರಾ? ಆಗದೇ ಇದ್ದಿದ್ದೆಲ್ಲ ಜ್ಞಾಪಕ ಬರೋಕೆ ಶುರುವಾಗಿದೆ" ಎಂದ. ಅವರೆಲ್ಲ ಚ್ಚುಚ್ಚು ಎಂದರು. ಅವನು ಅವಳನ್ನು ಕಂಬದ ಪಕ್ಕಕ್ಕೆ ಕರೆದು, ಅವಳೊಬ್ಬಳಿಗೇ ಕೇಳುವಂತೆ, "ಸರಿ, ನಿನ್ನ ಮಾತೇ ನಿಜ ಅಂತಿಟ್ಕೊ. ಎರಡು ಬಟ್ಟೆ, ಒಂದು ಉಂಗುರ. ನಿಂದು ಬಿಚ್ಚಿದ್ರೆ ಅವನಿಗೆ ಕಟ್ಬೇಕು. ನಾಳೆಯಿಂದ ಅವನ ಕೈಲಿ ಕೋಲು ಇರಲ್ಲ, ಅವನನ್ನ ಯಾರೂ ಏನೂ ಕೇಳಲ್ಲ. ಕಟ್ಲಾ? ಹೇಳು" ಎಂದ.

ಹನ್ನೊಂದು ವರ್ಷದಲ್ಲಿ ಊರು ತೀರ್ಮಾನವನ್ನು ಅವಳಿಗೇ ಬಿಟ್ಟು ಕೇಳಿದ ಪ್ರಶ್ನೆ ಅದೊಂದೇ.

ಅವಳು ದಾರದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು. ಹಿರಿಯನ ಸೊಸೆ ಒಂದು ಲೋಟ ಮಜ್ಜಿಗೆ ತಂದು, "ಕುಡೀರಿ, ತಂಪಾಗುತ್ತೆ" ಎಂದು ಗಟ್ಟಿಯಾಗಿ ಹೇಳಿ ಕೈಗಿಟ್ಟಳು. ಅವಳು ನಿಂತೇ ಕುಡಿದಳು. ಉಪ್ಪು ಹೆಚ್ಚಾಗಿತ್ತು.

ಮಾರನೆಯ ಬೆಳಿಗ್ಗೆ ದೋಣಿಯಲ್ಲಿ ಇಬ್ಬರೇ ಇದ್ದರು. ಅವನು ಕೋಲು ಎತ್ತಿ ಹಿಡಿದು, "ಯಾವ ದಡಕ್ಕೆ ತಾಯಿ?" ಎಂದ.

ಅವಳಿಗೆ ತಟ್ಟನೆ ಒಂದು ವಿಷಯ ಕಂಡಿತು. ಇವನು ದಿನವೂ ಕೇಳುತ್ತಾನೆ. ಯಾವ ದಡ, ಬಂಡೆ ಯಾವ ಕಡೆ, ಊಟ ಆಯ್ತಾ, ನಿಮ್ಮ ಮನೆಯೆಲ್ಲಿ. ಊರಿಗೆ ಊರೇ ಅವಳನ್ನು ಕೇಳುವುದು ಬಿಟ್ಟ ಮೇಲೆ, ಅವಳಿಂದ ತಿಳಿಯಬೇಕಾದದ್ದು ಇನ್ನೂ ಇದೆ ಎಂದು ನಂಬಿರುವವನು ಇವನೊಬ್ಬ.

"ಆಚೆ ದಡಕ್ಕೆ" ಎಂದಳು.

"ಅಲ್ಲೇನಿದೆ?"

"ನಮ್ಮ ಮಗು ಇದೆ."

ಕೋಲು ನೀರಿನಲ್ಲೇ ನಿಂತಿತು. "ನಮಗೆ ಮಗು ಇತ್ತಾ?"

ಅವಳು ಹೇಳಿದಳು. ಬೆಳಕು ಹರಿಯುವಾಗ ಹುಟ್ಟಿದ್ದು, ತಲೆ ಮುಂದಾಗಿ ಬಂದದ್ದು, ಅಳದೆ ಸುಮ್ಮನೆ ಕಣ್ಣು ಬಿಟ್ಟದ್ದು. ನೀವು ಬಾಗಿಲಾಚೆಯಿಂದ ಒಳಗೆ ಬಂದಿರಿ. ಇಬ್ಬರೂ ಗೋಡೆಗೆ ಒರಗಿ ಅಕ್ಕಪಕ್ಕ ಕೂತೆವು, ಮಗು ಎದುರಿಗೆ ಬಟ್ಟೆಯ ಮೇಲೆ. ಮಧ್ಯಾಹ್ನದವರೆಗೂ ನೋಡುತ್ತಲೇ ಇದ್ದೆವು. ಅವನು ಕೇಳುತ್ತ ಕೇಳುತ್ತ ಅತ್ತ. ಒಂದು ಹನಿ ಅವನ ಮೂಗಿನ ತುದಿಯಿಂದ ದೋಣಿಯ ಹಲಗೆಯ ಮೇಲೆ ಬಿದ್ದು ಇಂಗಿತು. ಅಲ್ಲಿ ಯಾವ ಉಂಗುರವೂ ಮೂಡಲಿಲ್ಲ. ಅದು ಬರೀ ಮರ.

ಮಾರನೆಯ ದಿನ ಅವನು ಮತ್ತೆ ಕೇಳಿದ. ಅವಳು ಮೊದಲಿನಿಂದ ಹೇಳಿದಳು. ಅವನು ಮೊದಲ ಸಲದ ಹಾಗೇ ಅತ್ತ. ಹೇಳದಿದ್ದರೆ ಅಳುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೇಳದಿದ್ದರೆ ಮಗುವೂ ಇರುವುದಿಲ್ಲ. ಹೀಗೆ ಮಗು ದಿನವೂ ಹುಟ್ಟಿತು, ದಿನವೂ ಮಧ್ಯಾಹ್ನದವರೆಗೆ ಬದುಕಿತು.

ಹನ್ನೆರಡನೆಯ ವರ್ಷದ ಒಂದು ದಿನ, ನಡುಹೊಳೆಯಲ್ಲಿ, ಅವಳು ಹೇಳುತ್ತ "ಕಿವಿಯ ಹಿಂದೆ ಸಾಸಿವೆಯಷ್ಟು ಮಚ್ಚೆ" ಎಂದಾಗ ಅವನು ಕೋಲಿನ ಮೇಲೆ ಗಲ್ಲ ಊರಿ ಕೇಳಿದ:

"ಯಾವ ಕಿವಿ?"

ಅವಳು ಬಾಯಿ ತೆರೆದಳು. ಎಡ. ಬಲ. ತನ್ನ ಎಡಕಿವಿಯ ಹಿಂದೆ ಬೆರಳಿಟ್ಟು ನೋಡಿದಳು, ಬಲಕಿವಿಯ ಹಿಂದೆ ಇಟ್ಟು ನೋಡಿದಳು. ಕುಂಬಾರರ ದೊಡ್ಡವಳು ಬಂದಳು, ಗಾಣದ ಮನೆಯ ಅವಳಿಗಳು ಬಂದರು, ಎಲ್ಲರೂ ತಮ್ಮ ತಮ್ಮ ಮಚ್ಚೆಗಳೊಂದಿಗೆ ಬಂದು ಸುತ್ತ ನಿಂತರು. ಇದೊಂದು ಮಾತ್ರ ಬರಲಿಲ್ಲ. ಬಟ್ಟೆಯಮ್ಮ ಹೇಳಿದ್ದು ನಿಜವೋ? ಅಥವಾ ಅದು ಮರೆಯುವ ಒಬ್ಬಳು ಮರೆಯುವ ಇನ್ನೊಬ್ಬಳಿಗೆ ಹೇಳಿದ ಕಥೆಯೋ? ಮರೆವು ಹೊರಟದ್ದು ಯಾರ ಬಾಗಿಲಿಗೆ? ಅಥವಾ ಮಗುವಿನ ಎಡವನ್ನು ತನ್ನ ಬಲವೆಂದು ಇಷ್ಟು ವರ್ಷ ತಿರುವಿ ತಿರುವಿ ಸವೆಸಿಬಿಟ್ಟೆನೋ?

ಬಂಡೆ ಹತ್ತಿರ ಬರುತ್ತಿತ್ತು. ಅವಳು ಎದ್ದಳು. ದೋಣಿ ಹೊಯ್ದಾಡಿತು. ಹಲಗೆ ಹಿಡಿದು ಹಿಡಿದು ನಡೆದು ಹಿಂದಕ್ಕೆ ಬಂದು, ಮೊದಲ ಸಲ ಅವನ ಪಕ್ಕದಲ್ಲಿ ನಿಂತಳು. ಈಗ ಅವಳ ಎಡ ಅವನ ಎಡವೇ ಆಗಿತ್ತು. ಕೋಲಿನ ಮೇಲಿದ್ದ ಅವನ ಕೈಯ ಮೇಲೆ ಕೈಯಿಟ್ಟಳು; ಇಬ್ಬರೂ ಒತ್ತಿ ದೋಣಿಯನ್ನು ಬಂಡೆಯಿಂದ ಸರಿಸಿದರು.

"ನಂಗೆ ಗೊತ್ತಿಲ್ಲ ಕಣ್ರೀ" ಎಂದಳು. ಆಮೇಲೆ, ಅವಳು ಅವನನ್ನು ಯಾವತ್ತೂ ಕೇಳದೇ ಇದ್ದದ್ದನ್ನು ಕೇಳಿದಳು. "ನೀವೂ ನೋಡಿದ್ರಲ್ಲ. ಮಗು ಯಾವ ಕಡೆ ಮುಖ ಮಾಡಿತ್ತು?"

ಅವನು ನೀರಿನ ಕಡೆ ನೋಡಿದ, ಅವಳ ಕಡೆ ನೋಡಿದ.

"ನಮ್ಮ ಕಡೆ" ಎಂದ. "ನಮ್ಮಿಬ್ಬರ ಕಡೆಗೇ ಕಣೇ."

"ತಲುಪಿತು" ಎಂದಳು ಅವಳು.

ದೋಣಿ ಇನ್ನೂ ನಡುಹೊಳೆಯಲ್ಲೇ ಇತ್ತು.